ಮೂಲೆ ಗಾಜು, ಮತ್ತೆ ಪುಟ್ಟಿಯ ಸೀಟು

8-11-2025, ಶನಿವಾರ, ರಾತ್ರಿ

ಇವತ್ತು ಕೊನೆಗೂ ಗಾಜು ಕೂತಿತು. ಹಿಂದಿನ ಬಾಗಿಲು ಮುಗಿದು ಡಿಕ್ಕಿ ಶುರುವಾಗುವ ಮುಂಚೆ ಒಂದು ಮೂಲೆ ಗಾಜು ಇರುತ್ತಲ್ಲ, ಇಳಿಸೋಕೂ ಬಾರದ್ದು, ತೆರೆಯೋಕೂ ಬಾರದ್ದು, ಅದು. ಗಾಜಿನವರು ಅದನ್ನು ಕ್ವಾರ್ಟರ್ ಗ್ಲಾಸ್ ಅಂತಾರೆ. ಇಷ್ಟು ವರ್ಷ ಈ ಕಾರನ್ನು ಓಡಿಸಿ, ತೊಳೆದು, ಒರೆಸಿ, ಅದೊಂದು ಬೇರೆ ಗಾಜು ಅಂತ ನನಗೆ ಅನಿಸಿದ್ದೇ ಇಲ್ಲ.

ಒಡೆದ ಕಥೆ ಇಷ್ಟು. ಹುಲ್ಲು ಕತ್ತರಿಸುವ ಮೆಷಿನ್ನಿನಿಂದ ಒಂದು ಕಲ್ಲು ಸಿಡಿಯಿತು, ಉಗುರಿನಷ್ಟು ಇದ್ದಿರಬಹುದು. ಟಪ್ ಅಂತ ಒಂದೇ ಸದ್ದು. ಹೋಗಿ ನೋಡಿದರೆ ಗಾಜು ಇದ್ದಲ್ಲೇ ಇತ್ತು, ಆದರೆ ಪೂರ್ತಿ ಬೆಳ್ಳಗಾಗಿ ಆಚೆ ಏನೂ ಕಾಣುತ್ತಿರಲಿಲ್ಲ. ಪಕ್ಕದ ಬಾಗಿಲು ಹಾಕಿದ್ದೇ ತಡ, ಅಷ್ಟೂ ಸೀಟಿನ ಮೇಲೆ ಸುರಿಯಿತು. ಮೆಷಿನ್ ಹಿಡಿದಿದ್ದ ತಾತ ಅವತ್ತಿನಿಂದ ನಾನು ಬರುವುದು ಕಂಡರೆ ಸಾಕು, ಆಫ್ ಮಾಡಿ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ, ನಾನು ದಾಟಿ ಹೋಗುವವರೆಗೂ. ಬೇಡ ತಾತ, ನಿಮ್ಮ ಕೆಲಸ ಮಾಡಿಕೊಳ್ಳಿ ಅಂದರೂ ಕೇಳಲ್ಲ. ಗಾಜು ಹೋದದ್ದಕ್ಕಿಂತ ಅದೇ ನನಗೆ ಜಾಸ್ತಿ ಕಷ್ಟವಾಗುತ್ತಿದೆ.

ಮಗಳು ಪುಟ್ಟಿ ಅವತ್ತು ಕಾರಲ್ಲಿ ಇರಲಿಲ್ಲ. ಅದನ್ನು ಇಷ್ಟಕ್ಕೇ ಬಿಡುತ್ತೇನೆ.

ಗಾಜು ಸಿಗುವವರೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿಕೊಂಡು ಓಡಾಡಿದೆವು. ಸ್ವಲ್ಪ ಸ್ಪೀಡ್ ಹೋದರೆ ಪಟಪಟ ಅಂತ ಒಂದೇ ಸಮ ಬಡಿದುಕೊಳ್ಳುತ್ತಿತ್ತು. ಅತ್ತೆ ಹಿಂದೆ ಕಿವಿ ಮುಚ್ಚಿಕೊಂಡು ಕೂರುತ್ತಿದ್ದರು. ಇನ್ನೊಂದು ತೊಂದರೆ ಓಡಿಸುವವರಿಗೆ ಮಾತ್ರ ಗೊತ್ತಾಗುವಂಥದ್ದು. ಪಕ್ಕದ ಲೇನಿಗೆ ಹೋಗುವ ಮುಂಚೆ ತಿರುಗಿ ನೋಡಿದರೆ ಆ ಮೂಲೆಯಲ್ಲಿ ಏನೂ ಕಾಣಲ್ಲ. ಸೈಡ್ ಮಿರರ್‌ಗೆ ಸಿಗದ ಬೈಕು ಎಷ್ಟೋ ಸಲ ನನಗೆ ಕಾಣುತ್ತಿದ್ದದ್ದು ಅಲ್ಲಿಂದಲೇ!

ಇವರಿಗೆ ಮೊದಲಿಂದಲೂ ಅವಸರ. "ಅಂಗೈಯಗಲದ ಗಾಜಿಗೆ ಇಷ್ಟು ದಿನ ಬೇಕಾ? ಯಾವುದಾದರೂ ಗಾಜಿನ ಅಂಗಡೀಲಿ ಅಳತೆಗೆ ಕತ್ತರಿಸಿ ಕೊಡ್ತಾರೆ, ಸಿಲಿಕೋನ್ ಹಾಕಿ ಅಂಟಿಸಿದ್ರೆ ಆಯ್ತು" ಅಂತ ದಿನಾ ಒಂದು ಸಲ ಹೇಳುವುದು. ನಾನು ಒಪ್ಪಲಿಲ್ಲ. ಅಂಗಡಿಯಲ್ಲಿ ಕತ್ತರಿಸಿ ಕೊಡುವುದು ಸಾದಾ ಗಾಜು. ಅದು ಒಡೆದರೆ ಚೂರಿಯ ಹಾಗೆ ಉದ್ದುದ್ದ ಚೂರಾಗುತ್ತದೆ. ಕಾರಿನ ಸೈಡ್ ಗಾಜು ಟಫನ್ಡ್, ಅಂದರೆ ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ್ದು, ಅದನ್ನು ಒಮ್ಮೆ ಟಫನ್ ಮಾಡಿದ ಮೇಲೆ ಕತ್ತರಿಸೋಕೂ ಆಗಲ್ಲ, ತೂತು ಕೊರೆಯೋಕೂ ಆಗಲ್ಲ. ಆ ಆಕಾರಕ್ಕೇ ತಯಾರಾಗಿ ಬರಬೇಕು. ಅದರಲ್ಲೂ ಎಡಗಡೆಯದು ಬಲಗಡೆಗೆ ಆಗಲ್ಲ, ಬಣ್ಣ ಪಕ್ಕದ ಗಾಜಿಗೆ ಹೊಂದಬೇಕು, ಅಂಚಿನ ರಬ್ಬರ್ ಗಾಜಿನ ಜೊತೆಗೇ ಅಚ್ಚು ಹಾಕಿರುತ್ತದೆ. ಅದಕ್ಕೇ ಆರ್ಡರ್ ಮಾಡುವಾಗ ಮಾಡೆಲ್ ಹೆಸರು ಸಾಲದು, ಚಾಸಿ ನಂಬರ್ ಕಳಿಸಿ ಅಂದಿದ್ದರು.

ಬೆಳಿಗ್ಗೆ ಗಾಜಿನವರು ವ್ಯಾನಲ್ಲಿ ಬಂದರು. ವಯಸ್ಸಾದವರು, ಜೊತೆಗೆ ಕೆಲಸ ಕಲಿಯುವ ಒಬ್ಬ ಹುಡುಗ. ಗಾಜು ತೋರಿಸ್ತೀರಾ ಅಣ್ಣ ಅಂದೆ.

"ಅದು ವ್ಯಾನಲ್ಲೇ ಇರ್ಲಿ ಅಮ್ಮ. ಅದರ ಕೆಲಸ ಕೊನೇಗೆ."

ನಿಜಕ್ಕೂ ಕೊನೆಗೇ ಬಂತು. ಮೊದಲು ಬ್ಯಾಟರಿ ವೈರ್ ಬಿಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಗಾಜಿನ ಪಕ್ಕದ ಕಂಬದ ಮೇಲೆ, ಛಾವಣಿಯ ಅಂಚಿನಲ್ಲಿ, ಪರದೆ ಹಾಗೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಇದೆಯಂತೆ. ಆಮೇಲೆ ಹಿಂದಿನ ಸೀಟು ಮಡಚಿ, ಬೆಲ್ಟಿನ ಬೋಲ್ಟ್ ತೆಗೆದು, ಒಳಗಿನ ಪ್ಲಾಸ್ಟಿಕ್ ಪ್ಯಾನೆಲ್ಲನ್ನು ಕ್ಲಿಪ್ ಕ್ಲಿಪ್ ಆಗಿ ಎಬ್ಬಿಸಿದರು. ಅಂಚಲ್ಲಿ ಬಾಗಿದ ಪ್ಲಾಸ್ಟಿಕ್ ಪಟ್ಟಿ ಅವರ ಆಯುಧ. ಸ್ಕ್ರೂಡ್ರೈವರ್ ತಂದುಕೊಟ್ಟ ಇವರನ್ನು ನೋಡಿ ನಕ್ಕು, "ಅದು ಬೇಡ ಸರ್, ಗೀಚುತ್ತೆ" ಅಂದರು.

ಪ್ಯಾನೆಲ್ ಹಿಂದೆ ನೋಡಿದರೆ ಬೊಗಸೆಗಟ್ಟಲೆ ಗಾಜು. ನಾವು ವ್ಯಾಕ್ಯೂಮ್ ಹಾಕಿ ಎಲ್ಲ ಹೋಯಿತು ಅಂದುಕೊಂಡಿದ್ದ ಕಾರು ಅದು. ಬೆಲ್ಟ್ ಸುತ್ತಿಕೊಳ್ಳುವ ರೀಲಿನ ಸುತ್ತ, ಸ್ಟೆಪ್ನಿ ಇಡುವ ಗುಂಡಿಯಲ್ಲಿ, ನೀರು ಹೋಗಲಿ ಅಂತ ಬಿಟ್ಟಿರುವ ತೂತುಗಳ ಬಾಯಲ್ಲಿ, ಎಲ್ಲ ಕಡೆ. ಬೆಲ್ಟನ್ನು ಕೊನೆಯವರೆಗೆ ಎಳೆಯುವುದು, ಬಿಡುವುದು, ಮತ್ತೆ ಎಳೆಯುವುದು. ಪ್ರತಿ ಸಲಕ್ಕೂ ಒಂದೆರಡು ತುಂಡು ಉದುರುತ್ತಿತ್ತು. ನೋಡಿ ನೋಡಿ ನನಗೆ ಹೊಟ್ಟೆಯೊಳಗೆ ಏನೋ ಆಗುತ್ತಿತ್ತು.

ಇವರು ಗಡಿಯಾರ ನೋಡುತ್ತಿದ್ದರು.

ಹುಡುಗ ಅಷ್ಟರಲ್ಲಿ ಚೌಕಟ್ಟಿನ ಹಳೇ ಗಮ್ ಕೆರೆಯೋಕೆ ಶುರು ಮಾಡಿದ್ದ. ಕಪ್ಪು ರಬ್ಬರಿನ ಹಾಗಿರುವ ಗಮ್ಮಿಗೆ ಬ್ಲೇಡು ಹಾಕಿ, ಕೆಳಗಿನ ಪೇಂಟ್ ಕಾಣುವ ಹಾಗೆ ಜೋರಾಗಿ. ಗಾಜಿನವರಿಗೆ ಸಿಟ್ಟು ಬಂತು.

"ಲೋ, ನಿಲ್ಸೋ! ಎಷ್ಟು ಸಲ ಹೇಳ್ಬೇಕು? ಪೂರ್ತಿ ಕೀಳ್ಬೇಡ."

"ಹಳೇದಲ್ವಾ ಅಣ್ಣ..."

"ಹಳೇದೇ. ಕಾರು ಹುಟ್ಟಿದಾಗಿಂದ ಬಾಡಿ ಹಿಡ್ಕೊಂಡಿದೆ. ಅದಕ್ಕಿಂತ ಗಟ್ಟಿಯಾಗಿ ನೀನು ಹಿಡಿಸ್ತೀಯಾ? ಒಂದೆರಡು ಮಿಲಿಮೀಟರ್ ಬಿಡು, ಮೇಲೆ ಸಮ ಮಾಡು, ಸಾಕು. ಹೊಸ ಗಮ್ ಅದನ್ನ ಹಿಡ್ಕೊಳ್ಳುತ್ತೆ. ಪೇಂಟ್ ಕೆರೆದೆ ಅಂದ್ರೆ ಅಲ್ಲಿಂದ ತುಕ್ಕು ಶುರು. ಕಣ್ಣಿಗೆ ಕಾಣಲ್ಲ, ಗಮ್ಮಿನ ಅಡೀಲಿ ತಿನ್ಕೊಂಡು ಹೋಗುತ್ತೆ."

ಹುಡುಗ ಗೀಚಿದ್ದ ಜಾಗಕ್ಕೆಲ್ಲ ಸಣ್ಣ ಬ್ರಷ್ಷಿನಲ್ಲಿ ಪ್ರೈಮರ್ ತಾವೇ ಹಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಇದಕ್ಕೆ ಮುಂಚೆ ಯಾರಾದರೂ ಇಲ್ಲಿ ಸಿಲಿಕೋನ್ ಹಾಕಿದ್ದರಾ ಅಂತ ಕೇಳಿದರು. ಇಲ್ಲ ಅಂದೆ. ಬದುಕಿದೆವು ಅಂದರು. ಸಿಲಿಕೋನಿನ ಜಿಡ್ಡು ಒಂದು ಸಲ ಕೂತರೆ ಅದರ ಮೇಲೆ ಪಿಯು ಗಮ್ (ಪಾಲಿಯುರೆಥೇನ್, ಈ ಗಾಜು ಅಂಟಿಸುವುದು ಅದರಿಂದಲೇ) ಹಿಡಿಯಲ್ಲ. ವಿನೆಗರ್ ವಾಸನೆ ಬರುವ ಜಾತಿಯದಾದರೆ ಕಬ್ಬಿಣಕ್ಕೂ ಒಳ್ಳೆಯದಲ್ಲ. ಇವರು ಆಗ ಫೋನ್ ನೋಡುತ್ತಿದ್ದರು. ಕೇಳಿಸಿಕೊಂಡರೋ ಇಲ್ಲವೋ. ಕೇಳಿಸಲಿ ಅಂತ ನಾನು ಇನ್ನೊಂದು ಸಲ ಜೋರಾಗಿ ಕೇಳಿದೆ, "ಸಿಲಿಕೋನ್ ಹಾಕಬಾರದಾ ಅಣ್ಣ?"

ಹೊಸ ಗಾಜಿನ ಅಂಚಿನಲ್ಲಿ ಕಪ್ಪು ಪಟ್ಟಿ ಇರುತ್ತಲ್ಲ, ಅದು ಅಂದಕ್ಕೆ ಅಂದುಕೊಂಡಿದ್ದೆ. ಅಲ್ಲವಂತೆ. ಅದು ಗಾಜಿಗೇ ಬೇಯಿಸಿ ಹಿಡಿಸಿದ ಬಣ್ಣ. ಬಿಸಿಲು ತಾಗಿದರೆ ಗಮ್ ಕೆಡುತ್ತದೆ, ಅದಕ್ಕೆ ಆ ಮರೆ. ಆ ಪಟ್ಟಿಗೆ ಕ್ಲೀನರ್ ಒರೆಸಿ, ಪ್ರೈಮರ್ ಹಚ್ಚಿ, ಒಣಗಲಿ ಅಂತ ಇಟ್ಟರು.

ಆ ಬಿಡುವಿನಲ್ಲೇ ಪುಟ್ಟಿ ಅವರಪ್ಪನ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಬಂದದ್ದು. "ಅಮ್ಮ, ಹಿಂದಿನ ಗಾಜಲ್ಲಿ ಚುಕ್ಕಿ ಚುಕ್ಕಿ ಇದೆ!" ಎಲ್ಲಿದೆ, ನನಗೇನೂ ಕಾಣಲಿಲ್ಲ. ಗಾಜಿನವರು ಖುಷಿಯಾಗಿ, "ಅದನ್ನ ಅಮ್ಮಂಗೆ ಕೊಡು ಮರಿ" ಅಂದರು. ಹಾಕಿಕೊಂಡು ನೋಡಿದರೆ ಹೌದು, ಡಿಕ್ಕಿಯ ಗಾಜಿನ ತುಂಬ ಸಾಲು ಸಾಲು ಮಸುಕು ಚುಕ್ಕಿ. ತಲೆ ಓರೆ ಮಾಡಿದರೆ ಮಾಯ. ಮುಂದಿನ ಗಾಜಿನಲ್ಲಿ ಇಲ್ಲ. ಅದು ಎರಡು ಗಾಜಿನ ಮಧ್ಯೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ ಲ್ಯಾಮಿನೇಟೆಡ್ ಗಾಜು, ಅದಕ್ಕೇ ಒಡೆದರೂ ಉದುರಲ್ಲ. ಉಳಿದವನ್ನು 600 ಡಿಗ್ರಿ ದಾಟಿಸಿ ಕಾಯಿಸುತ್ತಾರೆ, ಆಮೇಲೆ ನೂರಾರು ತೂತುಗಳಿಂದ ತಟ್ಟನೆ ಗಾಳಿ ಹೊಡೆಯುತ್ತಾರೆ. ಗಾಳಿ ಬಿದ್ದ ಜಾಗದ ಗುರುತೇ ಆ ಚುಕ್ಕಿ. ಕೂಲಿಂಗ್ ಗ್ಲಾಸ್ ಪೋಲರೈಸ್ಡ್ ಆಗಿದ್ದರೆ ಮಾತ್ರ ಚೆನ್ನಾಗಿ ಕಾಣುತ್ತದೆ.

"ಮೇಲಿನ ಪದರ ಮೊದಲು ಗಟ್ಟಿ ಆಗಿಬಿಡುತ್ತೆ ಅಮ್ಮ. ಒಳಗಿಂದು ಆಮೇಲೆ ತಣ್ಣಗಾಗ್ತಾ ಎಳೆಯುತ್ತೆ. ಮೇಲಿಂದು ಒತ್ತುತ್ತೆ, ಒಳಗಿಂದು ಎಳೆಯುತ್ತೆ. ಹಗ್ಗಜಗ್ಗಾಟ. ಎರಡೂ ಕಡೆ ಸಮ ಇರೋವರೆಗೂ ಅಲ್ಲಾಡಲ್ಲ. ಒಬ್ಬ ಕೈ ಬಿಟ್ಟ ಅಂದ್ರೆ ಎಲ್ರೂ ಬಿದ್ರು."

ಅದಕ್ಕೇ ಒಂದು ಮೂಲೆಗೆ ಕಲ್ಲು ಬಿದ್ದರೆ ಇಡೀ ಗಾಜು ಹೋಗುವುದು. ಮುಂದಿನ ಗಾಜಿನ ಸಣ್ಣ ಏಟಿಗೆ ತೇಪೆ ಹಾಕುತ್ತಾರಲ್ಲ, ಇದಕ್ಕೆ ಅಂಥದ್ದೇನೂ ಇಲ್ಲ.

ಗಾಜು ಕೂರಿಸುವ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಗಮ್ ಹಾಕುವ ಗನ್ನಿನ ಮೂತಿಯನ್ನು ವಿ ಆಕಾರಕ್ಕೆ ಕತ್ತರಿಸಿ, ಎತ್ತರದ ತ್ರಿಕೋನದ ಹಾಗೆ ಗಮ್ ಎಳೆದರು. ಎಲ್ಲೂ ನಿಲ್ಲಿಸಲಿಲ್ಲ, ಶುರುವಾದ ಜಾಗಕ್ಕೇ ತಂದು ಸೇರಿಸಿದರು. ಇಬ್ಬರೂ ಸೇರಿ ಇಟ್ಟು, ಒತ್ತಿ, ಸುತ್ತ ಸಂದು ಸಮ ಇದೆಯಾ ಅಂತ ಬೆರಳಾಡಿಸಿ, ಟೇಪ್ ಹಾಕಿದರು. ಅಷ್ಟೇ. ಹೊಸ ಗಾಜಿನ ಮೂಲೆಯ ಗುರುತನ್ನೂ ಓದಿಸಿದರು. ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ, ಪಕ್ಕದಲ್ಲಿ ಒಪ್ಪಿಗೆ ಕೊಟ್ಟ ದೇಶದ ಸಂಖ್ಯೆ, 43ಆರ್ ಅನ್ನುವ ಗಾಜಿನ ಸುರಕ್ಷತಾ ನಿಯಮದ ಸಂಖ್ಯೆ, ಕೆಳಗೆ ಅಂಕಿ ಮತ್ತು ಚುಕ್ಕಿಯಲ್ಲಿ ತಯಾರಾದ ವರ್ಷ, ತಿಂಗಳು. ಹಳೇ ಕಾರು ಕೊಳ್ಳುವಾಗ ಎಲ್ಲ ಗಾಜಿನ ವರ್ಷ ಹೋಲಿಸಿ ನೋಡಿದರೆ ಯಾವುದು ಬದಲಾಗಿದೆ ಅಂತ ತಿಳಿಯುತ್ತದಂತೆ. ಇದು ನನಗೆ ಬಹಳ ಇಷ್ಟವಾಯಿತು. ಇನ್ನು ನಿಂತ ಕಾರಿನ ಗಾಜೆಲ್ಲ ಬಗ್ಗಿ ಓದಿಕೊಂಡು ಹೋಗುವುದೇ ಆಗುತ್ತೆ ನನ್ನ ಕೆಲಸ.

ಇವರು ಕೀ ಹಿಡಿದು ರೆಡಿ. "ಈಗ ಓಡಿಸಬಹುದಲ್ವಾ?"

"ಇವತ್ತು ಬೇಡ ಸರ್. ಈ ಗಮ್ ಗಾಳಿಯ ತೇವ ಕುಡಿದು ಗಟ್ಟಿ ಆಗೋದು. ಮೇಲೆ ಮುಟ್ಟಿದ್ರೆ ಒಣಗಿದಂಗೆ ಇರುತ್ತೆ, ಒಳಗೆ ದಿನಕ್ಕೆ ಕೆಲವೇ ಮಿಲಿಮೀಟರ್. ಬಾಗಿಲು ರಪ್ ಅಂತ ಹಾಕ್ಬೇಡಿ, ಒಳಗಿನ ಗಾಳಿ ಗಾಜನ್ನ ಹೊರಗೆ ತಳ್ಳುತ್ತೆ. ಯಾವುದಾದ್ರೂ ಕಿಟಕಿ ಸ್ವಲ್ಪ ಇಳಿಸಿಡಿ. ಪ್ರೆಷರ್ ವಾಷ್ ಅಂತೂ ಸದ್ಯಕ್ಕೆ ಬೇಡವೇ ಬೇಡ."

ಇವರ ಮುಖ ನೋಡಬೇಕಿತ್ತು.

ಸಾಮಾನು ಕಟ್ಟುವಾಗ ಗಾಜಿನವರ ಕಣ್ಣು ಪಕ್ಕಕ್ಕೆ ಇಟ್ಟಿದ್ದ ಪುಟ್ಟಿಯ ಚೈಲ್ಡ್ ಸೀಟಿನ ಮೇಲೆ ಬಿತ್ತು. "ಇದು ಅವತ್ತು ಕಾರಲ್ಲೇ ಇತ್ತಾ ಅಮ್ಮ?"

ಇತ್ತು ಅಂದೆ. ಆ ಗಾಜಿನ ಪಕ್ಕಕ್ಕೇ ಇತ್ತು. ತಲೆ ಇಡುವ ಜಾಗ ಸರಿಯಾಗಿ ಆ ಮೂಲೆಗೇ ಬರುತ್ತದೆ.

ಅವರು ಏನೂ ಹೇಳಲಿಲ್ಲ. ಸೀಟು ಎತ್ತಿ, ತಲೆಕೆಳಗು ಮಾಡಿ, ಬೆನ್ನಿಗೆ ಎರಡು ಸಲ ಬಡಿದರು. ಒಂದು ತುಂಡು ನೆಲಕ್ಕೆ ಬಿತ್ತು. ಮತ್ತೆ ಬಡಿದರು, ಇನ್ನೊಂದು. ಬಕಲ್ ಒಳಗೆ ಟಾರ್ಚ್ ಹಾಕಿ ನೋಡಿ, "ಇದರೊಳಗೆ ಚೂರು ಸಿಕ್ಕಿಕೊಂಡ್ರೆ ಸರಿಯಾಗಿ ಲಾಕ್ ಆಗಲ್ಲ, ನೋಡ್ಕೊಳ್ಳಿ" ಅಂದು ನನ್ನ ಕೈಗೆ ಕೊಟ್ಟರು. ಬಿದ್ದ ತುಂಡನ್ನು ತಾವೇ ಬಗ್ಗಿ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಪುಟ್ಟಿ ಅಲ್ಲೇ ಬರಿಗಾಲಲ್ಲಿ ನಿಂತಿದ್ದಳು.

ಅವರು ಹೋದ ಮೇಲೆ ಇಡೀ ಮಧ್ಯಾಹ್ನ ಸೀಟಿನ ಜೊತೆಗೇ ಕಳೆಯಿತು. ಟಫನ್ಡ್ ಗಾಜಿನ ತುಂಡು ಮೊಂಡಾಗಿರುತ್ತದೆ, ಏನೂ ಆಗಲ್ಲ ಅಂತ ಇವರು. ಮೊಂಡಾದರೂ ಅಂಚು ಅಂಚೇ. ಕಣ್ಣಿಗೆ ಹೋದರೆ? ಕವರ್ ಬಿಚ್ಚಿ ಒಗೆದೆ. ಬೆಲ್ಟಿನ ನೂಲು ಎಲ್ಲಾದರೂ ಕತ್ತರಿಸಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿದೆ, ಇಲ್ಲ. ಬಕಲ್ ಕ್ಲಿಕ್ ಅನ್ನುತ್ತದೆ, ಎಳೆದರೆ ಬಿಡಲ್ಲ. ಆದರೂ ಒಳಗಿನ ಥರ್ಮಾಕೋಲಿಗೂ ಹೊರಗಿನ ಪ್ಲಾಸ್ಟಿಕ್ಕಿಗೂ ಮಧ್ಯೆ ಒಂದು ಸಂದು ಇದೆ. ಅಲ್ಲಿಗೆ ಬೆರಳು ಹೋಗಲ್ಲ, ವ್ಯಾಕ್ಯೂಮ್ ಪೈಪೂ ಹೋಗಲ್ಲ. ಅಲುಗಿಸಿದರೆ ಏನೋ ಸದ್ದು ಬಂದ ಹಾಗೆ ಅನಿಸುತ್ತದೆ. ಅತ್ತೆಗೆ ಕೇಳಿಸಲಿಲ್ಲ. ಇವರಿಗೂ ಇಲ್ಲ.

ಹೊಸ ಸೀಟು ತರೋಣ ಅಂದರೆ ಇವರು ಗಾಜಿಗಿಂತ ಅದರ ಖರ್ಚೇ ಜಾಸ್ತಿ ಅಂತಾರೆ. ಅದು ಸುಳ್ಳಲ್ಲ. ಸೀಟಿನ ಕಂಪನಿಗೆ ಬರೆದು ಕೇಳಿದ್ದೇನೆ, ಉತ್ತರ ಬರುವವರೆಗೆ ಏನು ಮಾಡುವುದು? ಸೋಮವಾರ ಸ್ಕೂಲಿಗೆ ನಡೆಸಿಕೊಂಡೇ ಹೋಗುತ್ತೇನೆ, ಅದೇನು ದೂರ ಇಲ್ಲ. ಬುಧವಾರ ಅತ್ತೆಯ ಜೊತೆ ಆಸ್ಪತ್ರೆಗೆ ಹೋಗುವಾಗ ಮಾತ್ರ ಪುಟ್ಟಿಯನ್ನು ಏನು ಮಾಡುವುದೋ ಇನ್ನೂ ಗೊತ್ತಿಲ್ಲ.