ಉರುಳಿ ಹೋದ ಕಲ್ಲಿನ ಕೂಲಿ

ಭಾನುವಾರದಿಂದ ಅಪ್ಪನ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಕಲ್ಲು ಉಳ್ಳಿಸಿದ್ಕೆ ಅವನ್ಗೆ ಕೂಲಿ ಯಾರ್ ಕೊಟ್ರು?"

ಅಪ್ಪ ಸ್ಕಾಟ್ಲೆಂಡಿನ ಇನ್ವರ್ನೆಸ್‌ಗೆ, ನಮ್ಮ ಮನೆಗೆ, ಬಂದು ಎರಡು ವಾರವಾಯ್ತು. ಇಲ್ಲಿಯವರೆಗೆ ನಾವು ತೋರಿಸಿದ್ದು ಸೂಪರ್ ಮಾರ್ಕೆಟ್ಟು, ಮಳೆ ಎರಡೇ. ಅದಕ್ಕೇ ಅಲ್ನೆಸ್ ಹತ್ತಿರದ ಫೈರಿಶ್ ಗುಡ್ಡಕ್ಕೆ ಹೊರಟೆವು. 453 ಮೀಟರ್ ಎತ್ತರ, ಪೈನ್ ಮರಗಳ ನಡುವೆ ಕಾಲುದಾರಿ. ನನ್ನ ಗಂಡ ಅರ್ಧಕ್ಕೇ ಮಂಡಿನೋವು ಅಂತ ಕೂತರು. (ಕ್ರಿಕೆಟ್ ಆಡುವಾಗ ಆ ಮಂಡಿ ಎಲ್ಲಿ ಹೋಗುತ್ತೋ.) ಎಪ್ಪತ್ತು ದಾಟಿದ ಅಪ್ಪ ಮಾತ್ರ ಬೂಟ್ಸು ಬೈಕೊಂಡೇ ನನಗಿಂತ ಮುಂದೆ ಹತ್ತಿದರು.

ತುದಿಯಲ್ಲಿ ಇರುವುದು ಒಂದು ಕೋಟೆ ಬಾಗಿಲು. ಬರೀ ಬಾಗಿಲು. ಒರಟು ಕಲ್ಲಿನ ಕಮಾನು, ಅಕ್ಕಪಕ್ಕ ಗೋಪುರದಂಥ ಗೋಡೆಗಳು, ಹಿಂದೆ ಹೋದರೆ ಗಾಳಿ. ಕೆಳಗೆ ಕ್ರೋಮಾರ್ಟಿ ಕೊಲ್ಲಿಯಲ್ಲಿ ತೈಲದ ರಿಗ್ಗುಗಳು ಸಾಲಾಗಿ ನಿಂತಿದ್ದವು. ಅಪ್ಪ ಒಂದು ಸುತ್ತು ಹಾಕಿ ಬಂದು, "ಬಾಗ್ಲು ಅದೆ, ಮನೆ ಎಲ್ಲವ್ವ?" ಅಂದರು.

ನಾಯಿ ಹಿಡಿದುಕೊಂಡಿದ್ದ ಒಬ್ಬ ಮುದುಕ ನಮ್ಮನ್ನು ನೋಡಿ ಕಥೆ ಶುರು ಮಾಡಿದ. ಈ ಸೀಮೆಯ ಜಮೀನ್ದಾರ, ನೊವಾರ್‌ನ ಸರ್ ಹೆಕ್ಟರ್ ಮನ್ರೋ, 1781ರಲ್ಲಿ ನಾಗಪಟ್ಟಣವನ್ನು ಡಚ್ಚರಿಂದ ಕಿತ್ತುಕೊಂಡ. ಆ ಕೋಟೆ ಬಾಗಿಲಿನ ನಕಲು ಇದಂತೆ. 1782ರಲ್ಲಿ ಕಟ್ಟಿಸಿದ್ದು, ಕೆಲಸವಿಲ್ಲದ ಬಡವರಿಗೆ ಕೂಲಿ ಸಿಗಲಿ ಅಂತ. ಜನ ಕಲ್ಲು ಹೊತ್ತು ಮೇಲೆ ತಂದರೆ, ಧಣಿ ತಾನೇ ಕೆಲವನ್ನು ಕೆಳಕ್ಕೆ ಉರುಳಿಸಿಬಿಡುತ್ತಿದ್ದನಂತೆ. ಮತ್ತೆ ಹೊರಲಿ, ಇನ್ನೊಂದಿಷ್ಟು ದಿನದ ಕೂಲಿ ಆಗಲಿ ಅಂತ! ಹೇಳುವಾಗ ಮುದುಕನ ಮುಖ ಅರಳಿತ್ತು. ಒಳ್ಳೆಯವನೇ ಪಾಪ. ಆದರೆ ಸತ್ತು ಇನ್ನೂರು ವರ್ಷವಾದ ಧಣಿಗೆ ಈಗಲೂ ಕೈ ಮುಗಿಯುವ ಜಾತಿ.

ನಾನು ಎಲ್ಲವನ್ನೂ ಕನ್ನಡದಲ್ಲಿ ಹೇಳಿದೆ. ಅಪ್ಪ ನಾವು ಹತ್ತಿ ಬಂದ ಇಳಿಜಾರನ್ನೇ ನೋಡುತ್ತಾ ನಿಂತರು. ಆಮೇಲೆ ಬಂತು ಆ ಮಾತು. ಕೂಲಿ ಯಾರ್ ಕೊಟ್ರು?

"ಏನಂತಾರೆ?" ಅಂತ ಮುದುಕ ಕೇಳಿದ. "ತುಂಬಾ ದೊಡ್ಡ ಮನಸ್ಸು ಅಂತಿದಾರೆ" ಅಂದುಬಿಟ್ಟೆ. ಯಾಕೆ ಹಾಗಂದೆನೋ. ಅಪ್ಪ ಹುಡುಗನಾಗಿದ್ದಾಗ ಬರದ ಕಾಮಗಾರಿಯಲ್ಲಿ ಕೆರೆ ಏರಿಗೆ ಮಣ್ಣು ಹೊತ್ತವರು. ಮಂಕರಿ ಲೆಕ್ಕದಲ್ಲಿ ಕೂಲಿ. ಮೇಸ್ತ್ರಿ ಒಂದೇ ಒಂದು ಮಂಕರಿ ಲೆಕ್ಕ ತಪ್ಪಿಸಿದ್ದನ್ನು ಇವತ್ತಿಗೂ ಮರೆತಿಲ್ಲ. ಅಂಥವರಿಗೆ, ಹೊತ್ತ ಕಲ್ಲನ್ನು ಬೇಕಂತಲೇ ಉರುಳಿಸುವ ದಾನ ಹೇಗೆ ಕಂಡೀತು? ಕೂಲಿ ಕೊಡಲೇಬೇಕು ಅಂತಿದ್ದರೆ ಸುಮ್ನೆ ಎರಡು ದಿನದ್ದು ಜಾಸ್ತಿ ಕೊಡಬಹುದಿತ್ತು, ಅಲ್ವಾ? ಜನಕ್ಕೆ ಕೆಲಸ ಯಾಕಿರಲಿಲ್ಲ ಅನ್ನೋದಂತೂ ಮುದುಕನ ಕಥೆಯಲ್ಲಿ ಬರಲೇ ಇಲ್ಲ. ಹತ್ತೇ ವರ್ಷಕ್ಕೆ, 1792ರಲ್ಲಿ, ಜಮೀನ್ದಾರರು ಕುರಿ ಬಿಟ್ಟು ತಮ್ಮನ್ನು ಎಬ್ಬಿಸುತ್ತಿದ್ದಾರೆ ಅಂತ ಇದೇ ಸೀಮೆಯ ರೈತರು ರೊಚ್ಚಿಗೆದ್ದು, ಸಾವಿರಾರು ಕುರಿಗಳನ್ನು ಅಟ್ಟಿಕೊಂಡು ಹೊರಟಿದ್ದರು. ಸೈನ್ಯ ಬಂದು ತಡೆಯಿತು.

ಮನೆಗೆ ಬಂದು ಮನ್ರೋ ಯಾರು ಅಂತ ಓದುತ್ತಾ ಹೋದರೆ ಎದುರಾದದ್ದು ನಮ್ಮೂರೇ. ನಾವು ಶ್ರೀರಂಗಪಟ್ಟಣದ ಪಕ್ಕದವರು. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯನ್ನು ಮುಗಿಸಿದಾಗ, ದೊಡ್ಡ ಸೈನ್ಯ ಇಟ್ಟುಕೊಂಡು ಹತ್ತಿರದ ಕಾಂಚೀಪುರದಲ್ಲಿದ್ದವನು ಇದೇ ಮನ್ರೋ. ಫಿರಂಗಿ ಸದ್ದು ಕೇಳಿತ್ತು. ಹೊತ್ತಿಗೆ ಸರಿಯಾಗಿ ಹೋಗಲಿಲ್ಲ. ಕೊನೆಗೆ ತನ್ನ ದೊಡ್ಡ ಫಿರಂಗಿಗಳನ್ನು ದೇವಸ್ಥಾನದ ಕೊಳಕ್ಕೆ ತಳ್ಳಿ ಮದ್ರಾಸಿನ ಕಡೆ ಓಡಿದ.

"ಬೈಲಿನಾ? ನಮ್ ಡಂಜನ್ ಬೈಲಿನಾ?" ಅಪ್ಪ ಎದ್ದು ಕೂತರು. ದರಿಯಾ ದೌಲತ್ತಿನ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕೂತಿರುವ ಅದೇ ಬೈಲಿ. ಅವನ ಹೆಸರಲ್ಲೇ ಡಂಜನ್ ಅಂತ ಕರೆಯುವ, ಕಾವೇರಿ ದಂಡೆಯ ಆ ಸೆರೆಮನೆಯಲ್ಲಿ ಅಪ್ಪ ಸ್ಕೂಲು ತಪ್ಪಿಸಿ ಆಡಿದವರು. ತಗ್ಗಿದ ಕಮಾನು, ಸುಣ್ಣದ ಗೋಡೆ, ಸಂಕೋಲೆ ಕಟ್ಟಲು ಗೋಡೆಯಿಂದ ಈಚೆ ಚಾಚಿದ ತೂತಿನ ಕಲ್ಲುಗಳು. ಆ ತೂತಿಗೆ ಕೈ ತೂರಿಸಿ ಕೈದಿ ಆಟ ಆಡುತ್ತಿದ್ದರಂತೆ. ಬೈಲಿ ಇನ್ವರ್ನೆಸ್ ಪಕ್ಕದ ಡನೇನ್ ಮನೆತನದವನು. ಅಂದರೆ ಈಗ ನಾವಿರುವ ಊರಿನವನೇ. 1782ರ ನವೆಂಬರಿನಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ಸತ್ತ. ಅದೇ ವರ್ಷ ಇಲ್ಲಿ ಕಲ್ಲುಗಳು ಗುಡ್ಡ ಹತ್ತುತ್ತಿದ್ದವು, ಇಳಿಯುತ್ತಿದ್ದವು. ಗೆದ್ದ ನಾಗಪಟ್ಟಣಕ್ಕೆ ಬಾಗಿಲು ಸಿಕ್ಕಿತು. ಕೈಬಿಟ್ಟ ಪೊಳ್ಳಿಲೂರಿಗೆ ಆ ಗುಡ್ಡದ ಮೇಲೆ ಏನೂ ಇಲ್ಲ.

ಇವತ್ತು ಬೆಳಿಗ್ಗೆ ಕಾಫಿಗೆ ಕೂತಾಗ ಅಪ್ಪ ಕೇಳಿದರು, "ನಾನಂದಿದ್ದ ಆ ನಾಯಿಯವನ್ಗೆ ಹೇಳ್ದಾ?"

"ಹ್ಞೂಂ."

"ಏನಂದ?"

ಹಾಲು ಉಕ್ಕುತ್ತೆ ಅಂತ ಒಳಗೆ ಹೋದೆ. ಒಲೆ ಹಚ್ಚಿರಲಿಲ್ಲ.