ಪ್ಯಾಸೇಜಲ್ಲಿ ಎಲ್ಲಿದೆ, ತೋರ್ಸು

ಭಾನುವಾರದಿಂದ ಒಂದು ಮಾತು ಕಿವಿಯಲ್ಲೇ ಕೂತಿದೆ. 'ಅಪ್ಪಾ, ಅದು ನಿನ್ನ ತಲೇಲಿದೆ. ಪ್ಯಾಸೇಜಲ್ಲಿ ಎಲ್ಲಿದೆ, ತೋರ್ಸು.'

ಮಗಳು ಕ್ಲಾಟ್‌ಗೆ, ಅಂದರೆ ಕಾನೂನು ಕಾಲೇಜು ಸೇರುವ ಪ್ರವೇಶ ಪರೀಕ್ಷೆಗೆ ಓದುತ್ತಿದ್ದಾಳೆ. ನಾಗರಭಾವಿಯ ಲಾ ಸ್ಕೂಲೇ ಬೇಕಂತೆ. 2020ರಿಂದ ಈ ಪರೀಕ್ಷೆಯೇ ಒಂದು ಓದುವ ಆಟ ಆಗಿಬಿಟ್ಟಿದೆ. ಈಗ ಎರಡು ಗಂಟೆಗೆ 120 ಪ್ರಶ್ನೆ. ಇಂಗ್ಲಿಷ್ ಇರಲಿ, ಕಾನೂನು ಇರಲಿ, ಕೊನೆಗೆ ಲೆಕ್ಕವೇ ಇರಲಿ, ಮೊದಲು ಏನಾದರೂ ಓದಲು ಕೊಡುತ್ತಾರೆ, ಅದರ ಕೆಳಗೆ ಪ್ರಶ್ನೆ. ಸರಿ ಉತ್ತರಕ್ಕೆ ಒಂದು ಅಂಕ. ತಪ್ಪಾದರೆ ಕಾಲು ಅಂಕ ಕಟ್.

ಕೋಚಿಂಗಿನ ಮೇಷ್ಟ್ರು ಮೊದಲು ಪ್ರಶ್ನೆ ಓದಿ, ಆಮೇಲೆ ಪ್ಯಾಸೇಜಲ್ಲಿ ಉತ್ತರ ಹುಡುಕಿ ಅಂತ ಹೇಳಿಕೊಟ್ಟಿದ್ದರು. ಓದೋದನ್ನೇ ತಪ್ಪಿಸಿಕೊಳ್ಳುವ ಉಪಾಯಕ್ಕೆ ನಾನು ಫೀಸು ಕಟ್ಟಿದ್ದೆ. ಇವಳು ಎರಡು ತಿಂಗಳು ಹಾಗೇ ಮಾಡಿ, ಅಂಕ ಮೇಲೇಳದೆ ಬಿಟ್ಟಳು. ಈಗ ಒಂದೊಂದು ಪ್ಯಾರಾ ಓದಿ ಹಾಳೆ ಬೋರಲು ಹಾಕುತ್ತಾಳೆ. ಅದರಲ್ಲಿ ಏನಿತ್ತು ಅಂತ ಕನ್ನಡದಲ್ಲಿ ಒಂದೇ ಸಾಲು ಗೊಣಗುತ್ತಾಳೆ. 'ಆದರೆ' ಅನ್ನೋ ಅರ್ಥದ ಪದ ಎಲ್ಲಿ ಬಂದರೂ ಪೆನ್ಸಿಲಲ್ಲಿ ಸುತ್ತು ಹಾಕುತ್ತಾಳೆ. ಬರೆದವರ ನಿಜವಾದ ಮಾತು ಅದರ ಆಚೆಗೇ ಇರುತ್ತಂತೆ.

ನಾನು ಮೂವತ್ತು ವರ್ಷದಿಂದ ದಿನಾ ಪೇಪರ್ ಓದುವವನು. 'ಕೊಡು ಇಲ್ಲಿ' ಅಂತ ಇಸ್ಕೊಂಡೆ. ಬೆಂಗಳೂರಿನ ಕೆರೆಗಳ ಬಗ್ಗೆ ಒಂದು ಪುಟ. ಐದು ಪ್ರಶ್ನೆ. ನನ್ನ ವಿಷಯವೇ ಅಲ್ವಾ! ಹತ್ತು ನಿಮಿಷದಲ್ಲಿ ಟಿಕ್ ಹಾಕಿ ಕೊಟ್ಟೆ.

ಎರಡು ಸರಿ, ಮೂರು ತಪ್ಪು. ಒಟ್ಟು ಒಂದೂಕಾಲು ಅಂಕ.

ಲೇಖಕರು ಯಾವ ಮಾತನ್ನು ಒಪ್ಪುತ್ತಾರೆ ಅಂತ ಒಂದು ಪ್ರಶ್ನೆ. ಕೆರೆಗಳು ಹಾಳಾಗಿದ್ದು ಅಧಿಕಾರಿಗಳಿಂದಲೇ ಅನ್ನೋದಕ್ಕೆ ನಾನು ಟಿಕ್ ಹಾಕಿದ್ದೆ. ಸತ್ಯವೇ ಅಲ್ಲವೇನೇ ಅಂತ ಜಗಳಕ್ಕೇ ನಿಂತೆ. ಆಗ ಬಂತು ಆ ಮಾತು. ಸಾಲಿನಿಂದ ಸಾಲಿಗೆ ಬೆರಳು ಓಡಿಸಿದೆ. ಅಧಿಕಾರಿ ಅನ್ನೋ ಪದವೇ ಇಲ್ಲ! ಕೆರೆಗೆ ಬೇಲಿ ಹಾಕಿ, ವಾಕಿಂಗ್ ಟ್ರ್ಯಾಕ್ ಮಾಡಿದ್ದು ಒಳ್ಳೇದೇ ಆಯ್ತು, ಆದರೆ ಬಟ್ಟೆ ಒಗೆಯುವವರು, ದನ ಮೇಯಿಸುವವರು ಆಚೆ ಉಳಿದರು ಅಂತ ಆಯಮ್ಮ ಬರೆದಿದ್ದರು. ಆ 'ಆದರೆ'ಗೆ ಮಗಳ ಸುತ್ತು ಆಗಲೇ ಬಿದ್ದಿತ್ತು. ಆ ಸುತ್ತಿನ ಮೇಲೇ ನನ್ನ ಕಣ್ಣು ಹಾದುಹೋಗಿದೆ, ನಿಂತಿಲ್ಲ. ನಾನು ಅವರ ಬರಹ ಓದಲೇ ಇಲ್ಲ, ನನ್ನ ಸಿಟ್ಟನ್ನೇ ಇನ್ನೊಂದು ಸಲ ಓದಿದ್ದೆ.

ಪರೀಕ್ಷೆ ಅವಳದು, ನನಗೇನು? ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಮಂಗಳವಾರ ಫೋನ್ ನೋಡುತ್ತಾ ಕೂತಾಗ ತಮ್ಮನ ಹಳೇ ಮೆಸೇಜು ಕಣ್ಣಿಗೆ ಬಿತ್ತು. 'ಈ ಸಲ ಹಬ್ಬಕ್ಕೆ ಬರೋದು ಸ್ವಲ್ಪ ಕಷ್ಟ.' ಅದನ್ನು ಹಿಡಿದುಕೊಂಡೇ ಹದಿನೈದು ದಿನದಿಂದ ಅವನ ಜೊತೆ ಮಾತಿಲ್ಲ. ಬರೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳೋ ಧೈರ್ಯ ಇಲ್ಲ ಇವನಿಗೆ, ಹೆಂಡತಿ ಹೇಳಿಕೊಟ್ಟಿರ್ತಾಳೆ, ಹೀಗೆಲ್ಲ ನಾನೇ ಕಟ್ಟಿಕೊಂಡಿದ್ದೆ. ಪ್ಯಾಸೇಜಲ್ಲಿ ಎಲ್ಲಿದೆ? ಎಲ್ಲೂ ಇಲ್ಲ. ಕೆಳಗೆ ಇನ್ನೊಂದು ಸಾಲು ಬೇರೆ ಇತ್ತು. 'ರಜ ಸಿಕ್ಕರೆ ಖಂಡಿತ ಬರ್ತೀನಿ, ಅಮ್ಮನಿಗೆ ಹೇಳಬೇಡ, ಆಸೆ ಇಟ್ಟುಕೊಳ್ತಾಳೆ.' ಆ ಸಾಲು ನಾನು ಓದಿದ ನೆನಪೇ ಇಲ್ಲ.

ಇದನ್ನು ಮಗಳಿಗೆ ಹೇಳಿದಾಗ ನನ್ನವಳೂ ಅಲ್ಲೇ ಹುರುಳಿಕಾಯಿ ಬಿಡಿಸುತ್ತಿದ್ದಳು. 'ಎಲ್ಲಾನೂ ಬರೆದೇ ಇರಬೇಕು ಅಂದ್ರೆ ಆಯ್ತು ಸಂಸಾರ. ಮೊನ್ನೆ ರಾತ್ರಿ ನನಗೆ ಹಸಿವಿಲ್ಲ, ನೀವು ಊಟ ಮಾಡಿ ಅಂದೆ. ನೀವು ಮಾಡಿ ಮಲಗೇಬಿಟ್ರಿ' ಅಂದಳು.

ಮಗಳ ಕಡೆ ನೋಡಿದೆ. ಅವಳು ಹಾಳೆ ಅಡ್ಡ ಹಿಡಿದು ನಗುತ್ತಿದ್ದಳು. 'ಅಪ್ಪಾ, ಅದು ಇನ್‌ಫರೆನ್ಸ್, ಬಾಯಿಬಿಟ್ಟು ಹೇಳದೇ ಇರೋದನ್ನ ಅರ್ಥ ಮಾಡ್ಕೊಳ್ಳೋದು. ಬೇರೆ ಥರದ ಪ್ರಶ್ನೆ. ನಿಂಗೆ ಇನ್ನೂ ಹೇಳಿಕೊಟ್ಟಿಲ್ಲ.'

ತಮ್ಮನಿಗೆ ರಾತ್ರಿ ಫೋನ್ ಮಾಡಿದೆ. ಎತ್ತಲಿಲ್ಲ. ಡ್ಯೂಟಿಯಲ್ಲಿ ಇರಬಹುದು.