ಗ್ಲೈಡರ್ ಲಾಗ್: ಸಿರಿಂಜಿನೊಳಗಿನ ಗುಳ್ಳೆಯ ಕಾಟ

ಅಂತೂ ನಿಂತಿತು ನನ್ನ ಗ್ಲೈಡರ್, ಅಂದರೆ ತನ್ನ ಭಾರ ಹೆಚ್ಚುಕಡಿಮೆ ಮಾಡಿಕೊಂಡು ನೀರೊಳಗೆ ತಾನೇ ಮುಳುಗಿ ಏಳುವ ಪೈಪಿನ ಯಂತ್ರ! ತೋಟದ ಬಾವಿಯಲ್ಲಿ 3 ಮೀಟರಿಗೆ ನಿಲ್ಲು ಅಂದರೆ ಅಲ್ಲೇ ನಿಂತಿದೆ. ಮೈಗೆ ಪಿವಿಸಿ ಪೈಪು, ನೀರು ನುಗ್ಗದಂತೆ ಓ-ರಿಂಗು ಅನ್ನೋ ರಬ್ಬರ್ ಬಳೆ, ಮಿದುಳಿಗೆ ಇಎಸ್‌ಪಿ32 ಅನ್ನೋ ಪುಟ್ಟ ಚಿಪ್, ಇವುಗಳ ಕಥೆ ಈಗ ಬೇಡ. ತಲೆ ತಿಂದದ್ದು ಸಿರಿಂಜು.

60 ಎಂಎಲ್ ಸಿರಿಂಜು ಹೊರಗಿನ ನೀರು ಎಳೆದುಕೊಂಡರೆ ಮುಳುಗುತ್ತದೆ, ಉಗುಳಿದರೆ ಏಳುತ್ತದೆ. ಅಮೆರಿಕದ ನೌಕಾಪಡೆ ಬಳಸುವ ಸ್ಲೋಕಮ್ ಗ್ಲೈಡರಿನ ಕಡಿಮೆ ಆಳದ ಮಾದರಿಯೂ ಹೀಗೇ. 2016ರ ಡಿಸೆಂಬರಿನಲ್ಲಿ ದಕ್ಷಿಣ ಚೀನಾ ಸಮುದ್ರದಲ್ಲಿ ಚೀನಾದವರು ಒಂದು ಗ್ಲೈಡರ್ ಎತ್ತಿಕೊಂಡು ಹೋಗಿ ಆಮೇಲೆ ವಾಪಸ್ ಕೊಟ್ಟರಲ್ಲ, ಅದೇ ಜಾತಿ. ನೀರಿನ ಉಷ್ಣತೆ, ಉಪ್ಪಿನಂಶ ಅಳೆಯೋದು ಅದರ ಕೆಲಸ. ಆ ಲೆಕ್ಕ ಇದ್ದರೆ ಶಬ್ದ ಹೇಗೆ ಬಾಗುತ್ತದೆ ಅಂತ ಗೊತ್ತಾಗುತ್ತದೆ, ಜಲಾಂತರ್ಗಾಮಿ ಹುಡುಕೋರಿಗೆ ಬೇಕಾದದ್ದು ಅದೇ.

ನನ್ನದು ಮಾತ್ರ ಮೊದಮೊದಲು 3 ಮೀಟರ್ ಅಂದರೆ ಸೀದಾ ಬಾವಿಯ ತಳಕ್ಕೆ ಹೋಗುತ್ತಿತ್ತು. ಪಿಐಡಿ (ಆಳ ನೋಡಿ ಮೋಟರಿಗೆ ಎಷ್ಟು ತಿರುಗು ಅಂತ ಹೇಳುವ ಲೆಕ್ಕ) ತಿರುಚಿ ತಿರುಚಿ ಸಾಕಾಯಿತು. ಕೊನೆಗೆ ಪಾರದರ್ಶಕ ಮೂತಿ ಹಾಕಿ ಬಕೆಟ್ಟಿನಲ್ಲಿ ಅದ್ದಿ ನೋಡಿದರೆ, ಮೂತಿ ಕೆಳಗಾದ ತಕ್ಷಣ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಗಳು ಸಾಲಾಗಿ ಹೋಗಿ ಪಿಸ್ಟನ್ ರಬ್ಬರಿಗೆ ಅಂಟಿಕೊಂಡು ಕೂತವು. ಲೆಕ್ಕ ಹಾಕಿ: 6 ಮೀಟರ್ ಕೆಳಗೆ ಒತ್ತಡ ಮೇಲಿನದರ 1.6 ಪಟ್ಟು. 8 ಎಂಎಲ್ ಗಾಳಿ 5 ಎಂಎಲ್ ಆಗುತ್ತದೆ, ಆ ಜಾಗಕ್ಕೆ 3 ಗ್ರಾಂ ನೀರು ನುಗ್ಗುತ್ತದೆ. ಇಳಿದಷ್ಟೂ ಭಾರ, ಭಾರ ಆದಷ್ಟೂ ಇಳಿತ. ಪಿಐಡಿ ಪಾಪ ಏನು ಮಾಡೀತು?

ಹಾಗಾಗಿ ಆಳದ ಗ್ಲೈಡರುಗಳ ದಾರಿ ಹಿಡಿದೆ: ಸಿರಿಂಜಿನೊಳಗೆ ಎಣ್ಣೆ, ಮೂತಿಯಲ್ಲಿ ರಬ್ಬರ್ ಚೀಲ, ಹೊರಗಿನ ನೀರಿಗೆ ಸಿರಿಂಜಿನೊಳಗೆ ಪ್ರವೇಶವೇ ಇಲ್ಲ. ಎಣ್ಣೆ ಚೀಲಕ್ಕೆ ತಳ್ಳಿದರೆ ಏಳುತ್ತದೆ, ಒಳಗೆಳೆದರೆ ಮುಳುಗುತ್ತದೆ. ಚೀಲಕ್ಕೆ ಸೈಕಲ್ ಟ್ಯೂಬು. ಮಿನರಲ್ ಆಯಿಲ್ ಹಾಕಿದರೆ ಟ್ಯೂಬು ಉಬ್ಬಿ ಮೆತ್ತಗಾಗುತ್ತದೆ, ಅದಕ್ಕೇ ಹರಳೆಣ್ಣೆ. ಅಂಗಡಿಯವರು ಮಗುವಿಗೆ ಎಷ್ಟು ತಿಂಗಳು ಅಂತ ಕೇಳಿದರು, ಸುಮ್ನೆ ನಕ್ಕೆ. ಎಣ್ಣೆ ದಪ್ಪ ಜಾಸ್ತಿ, ಸಿರಿಂಜಿನ ಮೂತಿ ಕೊರೆದು ಅಗಲ ಮಾಡದಿದ್ದರೆ ಮೋಟರ್ ತಿಣುಕುತ್ತದೆ. ಎಣ್ಣೆ ಬೆಚ್ಚಗೆ ಮಾಡಿ, ಸಿರಿಂಜು ನೆಟ್ಟಗೆ ನಿಲ್ಲಿಸಿ ತುಂಬಿ. ಇಲ್ಲದಿದ್ದರೆ ಗುಳ್ಳೆ ಮತ್ತೆ ಹಾಜರ್.

ಲೀಡ್ ಸ್ಕ್ರೂ (ಮೋಟರ್ ತಿರುಗಿದಂತೆ ಪಿಸ್ಟನ್ ತಳ್ಳುವ ಉದ್ದ ತಿರುಪು) ಮಾರಿದವರಿಗೂ ಒಂದು ನಮಸ್ಕಾರ. '304 ಸ್ಟೇನ್‌ಲೆಸ್' ಅಂತ ಚೀಟಿ, ಅಯಸ್ಕಾಂತ ಇಟ್ಟರೆ ಚಪ್ ಅಂತ ಅಂಟುತ್ತದೆ, ಒಂದು ಸಲ ತೇವ ತಗುಲಿದ್ದಕ್ಕೇ ಕೆಂಪು ತುಕ್ಕು. ದುಡ್ಡು ವಾಪಸ್ ಕೇಳಿದರೆ 'ವಾಟರ್ ಡ್ಯಾಮೇಜ್' ಅಂತೆ!

ಈ ನಡುವೆ ಇನ್ನೊಂದು ಹುಳ ತಲೆಗೆ ಹೊಕ್ಕಿದೆ. ವೈಫೈ ಗೇಣುದ್ದ ನೀರೊಳಗೇ ಸಾಯುತ್ತದೆ, ಹಾಗಾಗಿ ಗ್ಲೈಡರಿನ ಸುದ್ದಿ ದಡಕ್ಕೆ ದಾಟಿಸೋಕೆ ಮೇಲೆ ತೇಲುವ ಸೋಲಾರ್ ದೋಣಿಯೊಂದು ಬೇಕು. 2024ರಲ್ಲಿ ಮುಂಬೈಯಿಂದ ತೂತ್ತುಕುಡಿಗೆ ಆಳಿಲ್ಲದೆ ಹೊರಟ ಮಾತಂಗಿ ದೋಣಿ ನೋಡಿದಾಗಿನಿಂದ ಇದೇ ಧ್ಯಾನ. ದೋಣಿಯನ್ನು ತಾನೇ ಓಡಿಸುವ ಪಿಕ್ಸ್‌ಹಾಕ್ ಆಟೋಪೈಲಟ್ ಬೋರ್ಡು ಆಗಲೇ ಮೇಜಿನ ಮೇಲಿದೆ.

ಸಮುದ್ರಕ್ಕೆ ಇಳಿಸೋದಾದರೆ 4 ಕೆಜಿಯ ಗ್ಲೈಡರಿಗೆ ಸುಮಾರು 100 ಗ್ರಾಂ ಸೀಸ ಜಾಸ್ತಿ ಬೇಕು, ಉಪ್ಪುನೀರು ಅಷ್ಟು ಎತ್ತುತ್ತದೆ. ಕಾರವಾರದ ಕಡೆ ಅಂತೂ ಬಿಡೋದಿಲ್ಲ. ಅಲ್ಲಿ ಐಎನ್ಎಸ್ ಕದಂಬ ನೌಕಾನೆಲೆ ಇದೆ, ನಮ್ಮ ಪೈಪು ನೋಡಿದರೆ ಥೇಟ್ ಟಾರ್ಪಿಡೊ.